ಬಿಸಿನೀರಿನ ದಾರಿ ಹುಡುಕಲು ಸುತ್ತಿಗೆ ಮತ್ತು ಜಿಯೋಫೋನ್

ನೆಲಕ್ಕೆ ಏಟು ಕೊಟ್ಟು ಅಲೆಗಳನ್ನು ಅಳೆಯುವ ಭೂಕಂಪನ ಸಮೀಕ್ಷೆಯಿಂದ ನೆಲದಡಿಯ ಶಾಖ ತಿಳಿಯುವುದಿಲ್ಲ. ತಿಳಿಯುವುದು ಅಲೆಯ ವೇಗ. ಆ ವೇಗದಿಂದ ಬಂಡೆ ಎಷ್ಟು ಆಳದಲ್ಲಿದೆ, ಎಲ್ಲಿ ಒಡೆದಿದೆ ಎಂದು ಲೆಕ್ಕ ಹಾಕಬಹುದು. ಬಿಸಿನೀರು ಮೇಲೇರುವುದು ಹೆಚ್ಚಾಗಿ ಆ ಬಿರುಕುಗಳಲ್ಲೇ. ಜರ್ಮನಿಯ ಮ್ಯೂನಿಕ್‌ನಲ್ಲಿ ಕಂಪನದ ಲಾರಿಗಳನ್ನು ಓಡಿಸಿ, ಕಿಲೋಮೀಟರುಗಟ್ಟಲೆ ಆಳದ ಸುಣ್ಣಕಲ್ಲಿನ ಪದರವನ್ನು ಹೀಗೇ ಗುರುತಿಸಿದರು.

ನಮ್ಮ ಮಲೆನಾಡಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ತಣ್ಣಗಿದೆ. ಇಲ್ಲಿ ಭೂಶಾಖದ ವಿದ್ಯುತ್ತಿನ ಆಸೆ ಬೇಡ. ಆದರೆ ವಿಧಾನ ಕಲಿಯಲು ತೀರ್ಥಹಳ್ಳಿ ಸುತ್ತಿನ ಬ್ಯಾಣಗಳಿಗಿಂತ (ಹುಲ್ಲುಗಾವಲುಗಳಿಗಿಂತ) ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆದೊಯ್ಯುತ್ತೇನೆ.

ಮೊದಲು ರಸ್ತೆಗೆ ಕಡಿದ ದರೆಯಲ್ಲಿ ಬಿರುಕಿನ ದಿಕ್ಕು ನೋಡಿ, ಅದಕ್ಕೆ ಅಡ್ಡಲಾಗಿ ಲೈನ್ ಎಳೆಯಿರಿ. 5 ಮೀಟರಿಗೊಂದರಂತೆ 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ, ಅಡಿಯಲ್ಲಿ ಮೊಳೆಯಿರುವ ಸಾಧನ) ಇಟ್ಟರೆ 115 ಮೀಟರ್ ಆಗುತ್ತದೆ. ಕಾಣುವ ಆಳ ಅದರ ಕಾಲುಭಾಗ ಅಥವಾ ಇನ್ನೂ ಕಡಿಮೆ. ದರಗು ಪೂರ್ತಿ ಸರಿಸಿ, ಮೊಳೆಯನ್ನು ಗಟ್ಟಿಮಣ್ಣಿಗೆ ನೆಟ್ಟಗೆ ಒತ್ತಿ. ಬೆರಳಲ್ಲಿ ತಟ್ಟಿದಾಗ ಅಲುಗಿದರೆ ಕಿತ್ತು ಮತ್ತೆ ನೆಡಿ. ಮಳೆಗಾಲದಲ್ಲಿ ಹೋಗಲೇಬೇಡಿ, ಪ್ರತಿ ಹನಿಯೂ ದಾಖಲಾಗುತ್ತದೆ. ಗಾಳಿ ಎದ್ದರೆ ಅಡಿಕೆ ಮರದ ಬೇರೂ ನೆಲವನ್ನು ನಡುಗಿಸುತ್ತದೆ. ಬೆಳಗಿನ ಜಾವವೇ ಸರಿ. ಕಬ್ಬಿಣದ ಹಲಗೆಯ ಮೇಲೆ ಒಂದೇ ಕಡೆ ಹತ್ತಾರು ಏಟು ಹಾಕಿ ದಾಖಲೆಗಳನ್ನು ಕೂಡಿಸಿ: ಸದ್ದು ಅಳಿದು ಸಂಕೇತ ಉಳಿಯುತ್ತದೆ. ಎರಡೂ ತುದಿಗಳಿಂದ ಹೊಡೆಯಿರಿ, ಇಲ್ಲದಿದ್ದರೆ ಬಂಡೆಯ ಇಳಿಜಾರು ತಿಳಿಯದು.

ಮೊದಲ ಅಲೆ ಮುಟ್ಟಿದ ಸಮಯವನ್ನು ದೂರದೆದುರು ಗ್ರಾಫಿನಲ್ಲಿ ಗುರುತಿಸಿ. ಬಂಡೆಯ ಮೂಲಕ ಬಂದ ಅಲೆ ಮೊದಲು ಮುಟ್ಟತೊಡಗುವಲ್ಲಿ ಗೆರೆ ಮುರಿಯುತ್ತದೆ. ಮೇಲ್ಮಣ್ಣಿನಲ್ಲಿ ಸೆಕೆಂಡಿಗೆ 1000 ಮೀಟರ್, ಗಟ್ಟಿ ಬಂಡೆಯಲ್ಲಿ 5000, ಗೆರೆ ಮುರಿದದ್ದು 60 ಮೀಟರಿನಲ್ಲಿ ಎಂದುಕೊಳ್ಳಿ. ಆಗ ಬಂಡೆ ಸುಮಾರು 24 ಮೀಟರ್ ಆಳದಲ್ಲಿದೆ. ನಡುವೆ ಎಲ್ಲಾದರೂ ಅಲೆ ತಡವಾಗಿ ಬಂದಿದ್ದರೆ ಅಲ್ಲಿ ಬಂಡೆ ಒಡೆದಿರಬಹುದು.

ಒಂದು ವಿಷಯ ಮರೆಯಬೇಡಿ. ಗಟ್ಟಿ ಜಂಬಿಟ್ಟಿಗೆಯ ಕೆಳಗೆ ಮೆತ್ತನೆಯ ಶೇಡಿಮಣ್ಣು ಇರುತ್ತದೆ. ವೇಗದ ಪದರದ ಕೆಳಗಿನ ನಿಧಾನದ ಪದರ ಈ ವಿಧಾನಕ್ಕೆ ಕಾಣುವುದೇ ಇಲ್ಲ, ಬಂಡೆ ಇರುವುದಕ್ಕಿಂತ ಆಳದಲ್ಲಿ ತೋರುತ್ತದೆ. ಪಕ್ಕದ ತೆರೆದ ಬಾವಿಯೊಳಗೆ ಇಣುಕಿ ಪದರಗಳನ್ನು ಬರೆದುಕೊಳ್ಳಿ.

ನಿಜವಾದ ಬಿಸಿನೀರಿನ ತಾಣಕ್ಕೆ, ಘಟ್ಟದ ಕೆಳಗಿನ ಬೆಂದ್ರ್ ತೀರ್ಥಕ್ಕೋ ಲಡಾಖಿನ ಪುಗಾಕ್ಕೋ ಹೋದಾಗ, ಇದರ ಜೊತೆಗೆ ವಿದ್ಯುತ್ ರೋಧದ ಅಳತೆಯೂ ಆಳದ ಶಾಖ ಅಂದಾಜಿಸುವ ನೀರಿನ ಸಿಲಿಕಾ ಪರೀಕ್ಷೆಯೂ ಬೇಕು. ಮೂರೂ ಒಂದೇ ಜಾಗ ತೋರಿಸಿದರೆ ಅಲ್ಲಿ ಸಣ್ಣ ಬೋರ್ ಕೊರೆಸಿ. ಕೊರೆದ ತಕ್ಷಣ ಉಷ್ಣತೆ ಅಳೆಯಬೇಡಿ. ಕೊರೆತದಿಂದ ಕದಡಿದ ಶಾಖ ಸಮಸ್ಥಿತಿಗೆ ಬರಲು ದಿನಗಳು ಬೇಕು.