ಶೇಂಗಾ ಹೊಲಕ್ಕೆ ಕರಡಿ ಬರದಂತೆ ಮಾಡಿದ್ದು: ನನ್ನ ಅನುಭವ

ಕರಡಿಧಾಮವಿರುವ ದರೋಜಿ ಗುಡ್ಡದ ಸೆರಗಿನಲ್ಲಿ ಹೊಲ ಇರುವವರಿಗೆ ಕರಡಿಯ ಕಾಟ ಬಿಡಿಸಿ ಹೇಳಬೇಕಿಲ್ಲ. ನನ್ನ ಎರಡೂವರೆ ಎಕರೆ ಶೇಂಗಾಕ್ಕೆ ಕಳೆದೆರಡು ಹಂಗಾಮಿನಿಂದ ಒಂದು ಕರಡಿಯೂ ಕಾಲಿಟ್ಟಿಲ್ಲ. ಮಾಡಿದ್ದು ಝಟ್ಕಾ ತಂತಿಯಿಂದಲೇ, ಅಂದರೆ ಬ್ಯಾಟರಿ ಮಷಿನಿನಿಂದ ಬಿಟ್ಟುಬಿಟ್ಟು ಶಾಕ್ ಹೊಡೆಯುವ, ಆದರೆ ಕೊಲ್ಲದ ಬೇಲಿಯಿಂದ. "ಕರಡಿಗೆ ಕರೆಂಟ್ ಹತ್ತಂಗಿಲ್ಲ ಬಿಡಪ್ಪ, ಅದರ ಮೈಮ್ಯಾಲಿನ ಕೂದ್ಲ ನೋಡಿಯೇನು?" ಎಂದು ಕಟ್ಟೆಯ ಮೇಲೆ ಕೂತು ನಕ್ಕಿದ್ದ ಪಕ್ಕದ ಹೊಲದ ಮಾವನೇ ಮೊನ್ನೆ ಬಂದು ತಂತಿಯ ಲೆಕ್ಕ ಬರೆಸಿಕೊಂಡು ಹೋದರು.

ಅದಕ್ಕೂ ಮುಂಚೆ ಕಳೆದ ದುಡ್ಡಿಗೆ ಲೆಕ್ಕವಿಲ್ಲ. ಬದುವಿನುದ್ದಕ್ಕೂ ಹಳೆ ಸೀರೆ ಕಟ್ಟಿದೆ. ಹಂದಿ ಸ್ವಲ್ಪ ಹಿಂಜರಿದವು, ಕರಡಿ ಸೀರೆ ಎತ್ತಿಕೊಂಡೇ ಒಳಗೆ ಬಂತು. ಅದರ ಕಣ್ಣು ಮೊದಲೇ ಮಂದ, ಬಣ್ಣ ಕಟ್ಟಿ ಹೆದರಿಸುವುದೆಂದರೇನು? ರೇಡಿಯೋ ಹಚ್ಚಿಟ್ಟೆ, ಒಂದು ವಾರ ನಡೆಯಿತು. ಪಟಾಕಿಗೇ ಒಂದು ಹಂಗಾಮಿಗೆ ಮೂರು ಸಾವಿರ ಹೋಗಿರಬೇಕು. ನಾಯಿ ಕಟ್ಟುವವರಿಗೆ ಒಂದು ಮಾತು: ನಾಯಿ ಹೋಗಿ ಕರಡಿಯನ್ನು ಕೆಣಕುತ್ತದೆ, ಕರಡಿ ಅಟ್ಟಿಸಿಕೊಂಡು ಬಂದರೆ ನಾಯಿ ನೇರ ನಿಮ್ಮ ಕಾಲ ಬಳಿಗೇ ಓಡಿ ಬರುತ್ತದೆ. ಹತ್ತಿರದಲ್ಲಿ ಗಾಬರಿಯಾದ ಕರಡಿ ಓಡಿಹೋಗುವುದಕ್ಕಿಂತ ಮೈಮೇಲೆ ಬೀಳುವುದೇ ಹೆಚ್ಚು, ಅದೂ ಮುಖಕ್ಕೇ.

ಮೊದಲ ಝಟ್ಕಾ ಬೇಲಿ ಅಂಗಡಿಯವರೇ ಬಂದು ಹಾಕಿಕೊಟ್ಟದ್ದು. ಇಪ್ಪತ್ತೆಂಟು ಸಾವಿರದ ಆಜುಬಾಜು. ಮೂರು ತಂತಿ, ಕೆಳಗಿನದ್ದೇ ಮೊಣಕಾಲೆತ್ತರ. ಕರಡಿ ತಲೆ ತಗ್ಗಿಸಿ ನುಸುಳಿತು, ತಂತಿ ಬೆನ್ನ ಮೇಲೆ ಸವರಿಕೊಂಡು ಹೋದರೂ ಏನೂ ಆಗಲಿಲ್ಲ. ಮಾವ ಹೇಳಿದ ಕೂದಲಿನ ಮಾತು ಅಷ್ಟರಮಟ್ಟಿಗೆ ನಿಜ, ಒಣಗಿದ ಆ ಜೊಂಪೆಯ ಮೂಲಕ ಕರೆಂಟ್ ಚರ್ಮಕ್ಕೆ ಇಳಿಯುವುದಿಲ್ಲ. ಆದರೆ ಮೂತಿಯ ಮೇಲೆ ಕೂದಲೆಲ್ಲಿದೆ?

ಕರಡಿಯ ಸಂಸಾರವೆಲ್ಲ ಮೂಗಿನ ಮೇಲೆ ನಡೆಯುತ್ತದೆ. ನಮ್ಮ ಬದುವಿನ ಹುತ್ತದ ಹತ್ತಿರ ಕ್ಯಾಮೆರಾ ಕಟ್ಟಿ ನೋಡಿದ್ದೇನೆ. ಉಗುರಿನಿಂದ ಬಗೆದು, ಮೂತಿ ಇಟ್ಟು ಮೊದಲು ಫೂ ಎಂದು ಮಣ್ಣು ಊದುತ್ತದೆ, ಆಮೇಲೆ ಗೆದ್ದಲನ್ನು ಎಳೆಯುತ್ತದೆ. ಮೇಲ್ದವಡೆಯ ನಡುವಿನ ಎರಡು ಹಲ್ಲು ಇಲ್ಲದ್ದು ಇದಕ್ಕೇ. ಮಣ್ಣು ಒಳಗೆ ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳಬಲ್ಲದು. ಗೆದ್ದಲು ಎಳೆಯುವ ಆ ಸದ್ದು ರಾತ್ರಿ ನಮ್ಮ ಅಟ್ಟಣಿಗೆವರೆಗೆ ಕೇಳುತ್ತದೆ, ಬೋರಿನ ಪಂಪು ಗಾಳಿ ಎಳೆದ ಹಾಗೆ. ಯಾವುದನ್ನೇ ಆಗಲಿ ಮೂಸದೆ ಮುಟ್ಟುವ ಪ್ರಾಣಿಯಲ್ಲ ಇದು. ಅಂದಮೇಲೆ ತಂತಿ ಮೂಗಿಗೆ ಸಿಗಬೇಕು.

ಅಮೆರಿಕದ ಮೊಂಟಾನಾದಲ್ಲಿ ಗ್ರಿಜ್ಲಿ ಕರಡಿಗೆ ಜೇನುಪೆಟ್ಟಿಗೆ, ಕೋಳಿಗೂಡಿನ ಸುತ್ತ ಇಂಥದೇ ಬೇಲಿ ಹಾಕುತ್ತಾರೆ. ಒಣನೆಲದಲ್ಲಿ ಒಂದು ತಂತಿ ಕರೆಂಟು, ಮರು ತಂತಿ ಅರ್ಥಿಂಗು, ಹೀಗೆ ಒಂದು ಬಿಟ್ಟು ಒಂದು; ಎರಡನ್ನೂ ಒಟ್ಟಿಗೆ ಮುಟ್ಟಿದರೆ ನೆಲ ಒಣಗಿದ್ದರೂ ಶಾಕ್ ಹೊಡೆಯುತ್ತದೆ. ನಮ್ಮದೂ ಅದೇ ಕಥೆ. ಕಾಯಿ ಬಲಿಯುವ ಹೊತ್ತಿಗೆ ಮಸಾರಿ ನೆಲ ಕಾದು ಒಣಗಿರುತ್ತದೆ, ಅರ್ಥಿಂಗಿನ ಗುಂಡಿಗೆ ಎಷ್ಟು ಉಪ್ಪು, ಇದ್ದಲು, ನೀರು ಹಾಕಿದರೂ ಅರ್ಥಿಂಗ್ ಸಾಲದು. ನಾನು ಐದು ತಂತಿ ಎಳೆದೆ. ಕೆಳಗಿನದು ನೆಲದಿಂದ ಸುಮಾರು ಎಂಟು ಇಂಚು, ಅಲ್ಲಿಂದ ಎಂಟೆಂಟು ಇಂಚಿಗೆ ಒಂದೊಂದು. ಒಂದು, ಮೂರು, ಐದು ಕರೆಂಟು, ಉಳಿದೆರಡು ಅರ್ಥಿಂಗು. ಟೆಸ್ಟರ್ ಆರು ಸಾವಿರ ವೋಲ್ಟ್ ಮೇಲೆ ತೋರಿಸಬೇಕು. ಹಳೆಯ ಮಷಿನನ್ನೇ ಉಳಿಸಿಕೊಂಡೆ. ತಂತಿ, ಇನ್ಸುಲೇಟರ್, ಹೊಸ ಬ್ಯಾಟರಿ, ಕೂಲಿ ಸೇರಿ ಮತ್ತೆ ಹದಿನೇಳೋ ಹದಿನೆಂಟೋ ಸಾವಿರ. ಲೈನಿನಿಂದ ನೇರ ಕರೆಂಟ್ ಕೊಡುವವರ ಜೊತೆ ನನಗೆ ಮಾತಿಲ್ಲ. ಅದರಲ್ಲಿ ಕರಡಿಯೂ ಸಾಯುತ್ತದೆ, ನೀರು ಕಟ್ಟಲು ಹೋದ ಮಗನೂ ಸಾಯುತ್ತಾನೆ.

ಇನ್ನು ಎರಡನೇ ಗುಟ್ಟು. ಕರೆಂಟಿನ ತಂತಿಗೆ ಅಲ್ಲಲ್ಲಿ ತಗಡಿನ ಚೂರು ಸುತ್ತಿ, ಕರಡಿ ಮೂಸಲೆಂದು ಅದಕ್ಕೆ ವಾಸನೆಯದೊಂದು ಸವರಿದ್ದೇನೆ. ಕರಡಿಧಾಮದಲ್ಲಿ ಕರಡಿಗಾಗಿ ಸಂಜೆ ಬಂಡೆಗೆ ಬೆಲ್ಲ ಸವರುವುದನ್ನು ನೋಡಿ ಬೆಲ್ಲದಿಂದಲೇ ಶುರು ಮಾಡಿದ್ದು, ಬರೀ ಇರುವೆ ಮುತ್ತಿದವು. ಈಗ ಹಾಕುವುದು ಏನೆಂದು ಇಲ್ಲಿ ಬರೆಯುವುದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಮೊದಲ ವಾರದಲ್ಲೇ ಕ್ಯಾಮೆರಾದಲ್ಲಿ ಸಿಕ್ಕಿತು: ದೊಡ್ಡ ಗಂಡು, ಮೂತಿ ಚಾಚಿತು, ಹಾ ಎಂದು ಹಿಂದಕ್ಕೆ ಹಾರಿ ಗುಡ್ಡದ ಕಡೆ ಓಟ. ಮತ್ತೆ ಬಂದಾಗ ಹತ್ತು ಮಾರು ದೂರದಲ್ಲೇ ಸುತ್ತು ಹಾಕಿಕೊಂಡು ಹೋಯಿತು. ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿಯೊಂದು ಬೆಳಕಿರುವಾಗಲೇ ಬರುತ್ತಿತ್ತು, ಅದಕ್ಕಾಗಿ ಮಷಿನನ್ನು ನಾಲ್ಕು ಗಂಟೆಗೇ ಹಚ್ಚುತ್ತೇನೆ.

ಬೇಲಿಯ ಹೊರಗಿನ ಹುತ್ತ, ಬಾರೆ ಗಿಡ, ಕಕ್ಕೆ ಮರ ಯಾವುದನ್ನೂ ಕಡಿಸಿಲ್ಲ. ಹೊಟ್ಟೆಗೆ ಅಲ್ಲೇ ಸಿಕ್ಕರೆ ತಂತಿಯ ಸುದ್ದಿಗೆ ಯಾಕೆ ಬಂದೀತು?

ಹದಿನೈದು ದಿನಕ್ಕೊಮ್ಮೆ ತಂತಿ ಕೆಳಗಿನ ಹುಲ್ಲು ಸವರದಿದ್ದರೆ ವೋಲ್ಟ್ ಅರ್ಧಕ್ಕಿಳಿಯುತ್ತದೆ. ಈ ಬೇಸಿಗೆ ಕಲ್ಲಂಗಡಿ ಮಡಿಗೆ ಮೂರೇ ತಂತಿ ಸಾಕಾದೀತೇ ಎಂದು ನೋಡುತ್ತಿದ್ದೇನೆ. ಮುಳ್ಳುಹಂದಿ ಆಗಲೇ ನುಗ್ಗಿದೆ, ಕರಡಿ ಇನ್ನೂ ಬಂದಿಲ್ಲ.