ಅಟ್ಟದ ಮೇಲಿನ 13 ಕಥೆಗಳು: ಹಳೇ ವಿಜ್ಞಾನ ಸರಣಿಯನ್ನು ಓಟಿಟಿಗೆ ತಂದ ನನ್ನ ಅನುಭವ

ಟೇಪನ್ನು ಬಿಸಿ ಮಾಡ್ತೀನಿ ಅಂದಾಗ ಗಾಂಧಿನಗರದ ನನ್ನ ಎಡಿಟರ್ ಗೆಳೆಯ ಕ್ಯಾಸೆಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡ. "ಇರೋದು ಒಂದೇ ಕಾಪಿ ಗುರು, ಅದನ್ನೂ ಸುಟ್ಟು ಹಾಕ್ತೀಯಾ?" ಅಂದ. ಈಗ 13 ಕಂತುಗಳೂ ಓಟಿಟಿಯಲ್ಲಿವೆ. ಆಗಲ್ಲ ಅಂದವರಲ್ಲಿ ಮೂವರು ನಾಲ್ವರು ಈಚೆಗೆ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಪ್ರತಿಯೊಬ್ಬರಿಗೂ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸಿತು.

ತೊಂಬತ್ತರ ದಶಕದ ಆರಂಭದ ಟಿವಿ ಸರಣಿ ಅದು. ವಾರಕ್ಕೊಂದು ವಿಜ್ಞಾನ ಕಥೆ. ಪ್ರತಿ ಸಲವೂ ಬೇರೆ ಕಥೆ, ಬೇರೆ ನಟರು, ಹೆಚ್ಚು ಕಡಿಮೆ 23 ನಿಮಿಷ. ಪಕ್ಕದ ಮನೆಯಲ್ಲಿ ನೆಲದ ಮೇಲೆ ಕೂತು ನೋಡಿದ್ದೆ. ನಿರ್ಮಾಪಕರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ರಾಜಾಜಿನಗರದ ಮನೆಯ ಅಟ್ಟದಲ್ಲಿ, ಮದುವೆ ಪಾತ್ರೆಗಳ ಹಿಂದೆ ಯೂಮ್ಯಾಟಿಕ್ ಕ್ಯಾಸೆಟ್ಟುಗಳು (ಆ ಕಾಲದ ದಪ್ಪ ವಿಡಿಯೋ ಟೇಪುಗಳು) ಸಿಕ್ಕವು. ಅವರ ಹೆಂಡತಿ ಹೇಳಿದ್ದು ಇಷ್ಟೇ: "ತಗೊಂಡು ಹೋಗಪ್ಪ. ಆದ್ರೆ ಕಥೆ ಬರೆದೋರಿಗೆ ಮೊದಲು ದುಡ್ಡು ಕೊಡ್ಬೇಕು ನೀನು. ಇವರು ಬಾಕಿ ಉಳಿಸ್ಕೊಂಡೇ ಹೋದ್ರು." ಆಗಲಿ ಅಮ್ಮ ಅಂದೆ.

ಮೊದಲನೇ ಟೇಪನ್ನು ಡೆಕ್ಕಿಗೆ, ಅಂದರೆ ಟೇಪ್ ಓಡಿಸುವ ಮೆಷಿನ್ನಿಗೆ ಹಾಕಿದೆ. ಎರಡು ನಿಮಿಷ ಚಿತ್ರ ಬಂತು. ಆಮೇಲೆ ಕಿವಿ ಚುಚ್ಚುವ ಕೀರಲು ಸದ್ದು, ಪರದೆ ಪೂರ್ತಿ ಮಂಜು. ತೆಗೆದು ನೋಡಿದರೆ ಟೇಪನ್ನು ಓದುವ ಹೆಡ್ಡಿಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು, ಹುಣಸೆಹಣ್ಣು ಕಿವುಚಿದ ಕೈಯಂತೆ. ಅದು ಟೇಪಿನ ಲೇಪ, ಚಿತ್ರ ಇರೋದೇ ಅದರಲ್ಲಿ. ಸುಮಾರು 15 ಸೆಕೆಂಡು ಅಲ್ಲೇ ಹೋಯಿತು, ಈಗಲೂ ಹೊಟ್ಟೆ ಉರಿಯುತ್ತದೆ. 30 ಮಳೆಗಾಲದ ತೇವವನ್ನು ಆ ಲೇಪ ಹಿಡಿದಿಡುವ ಅಂಟು ಕುಡಿದಿತ್ತು.

ಬಿಸಿ ಮಾಡಿ ತೇವ ಓಡಿಸೋದು ಹೊಸ ವಿದ್ಯೆಯೇನಲ್ಲ, ನಿಮಗೂ ಗೊತ್ತಿರುತ್ತದೆ. ಆದರೆ ನಮ್ಮಲ್ಲಿ ಮಾಡಿ ನೋಡಿದವರು ಕಡಿಮೆ. ನಾನು ಮೊದಲು ಅಕ್ಕಿ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ ಎಲ್ಲಾ ಮಾಡಿ ನೋಡಿದೆ. ಎರಡು ವಾರ ದಂಡ. ಮನೆಯ ಓವನ್ನಿನಲ್ಲಿ ಒಂದು ಖಾಲಿ ಟೇಪ್ ಇಟ್ಟೆ. 50 ಡಿಗ್ರಿಗೆ ಇಟ್ಟರೆ 70 ಮುಟ್ಟಿ ಇಳಿಯುತ್ತಿತ್ತು. ಕ್ಯಾಸೆಟ್ಟಿನ ಹೊದಿಕೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಕೊನೆಗೆ ಕೈಹಿಡಿದದ್ದು ಹಣ್ಣು ಒಣಗಿಸುವ ಮೆಷಿನ್ನು. ಆನ್‌ಲೈನಿನಲ್ಲಿ 9 ಸಾವಿರ. ಟ್ರೇಗಳ ನಡುಭಾಗ ಕತ್ತರಿಸಿದೆ. ಹೊದಿಕೆ ಬಿಚ್ಚಿ ಬರೀ ಸುರುಳಿ ಇಟ್ಟೆ. 52 ಡಿಗ್ರಿ ಆಸುಪಾಸು, 10 ಗಂಟೆ, ನಡುವೆ ಮಗುಚಿ ಹಾಕೋದು. ಅಷ್ಟೇ ಹೊತ್ತು ತಣ್ಣಗಾಗಲು ಬಿಡೋದು. ಮೆಷಿನ್ನಿನ ಅಂಕಿ ನಂಬದೆ ಬೇರೆ ಥರ್ಮಾಮೀಟರ್ ಇಡಿ. ಗೆಳೆಯ ಆ ರಾತ್ರಿ ಪೂರ್ತಿ ನನ್ನ ಜೊತೆಗೇ ಕೂತಿದ್ದ. ಬೆಳಿಗ್ಗೆ ಟೇಪು ಒಂದು ಚೂರೂ ಕೀರಲಿಲ್ಲ, ಮೊದಲಿಂದ ಕೊನೆವರೆಗೆ ಓಡಿತು. ಅವನು ಮಾತಾಡದೆ ಹೋಗಿ ಎಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದ.

ದುಡ್ಡಿನ ವಿಷಯ. ಮುಚ್ಚಿದ ಒಂದು ಸ್ಟುಡಿಯೋದಿಂದ 38 ಸಾವಿರಕ್ಕೆ ತಂದ ಡೆಕ್ಕಿನ ಹೆಡ್ಡು ಸವೆದಿತ್ತು. ಪೂರ್ತಿ ನಷ್ಟ. ಎರಡನೆಯದಕ್ಕೆ 70 ಸಾವಿರ ಆಯಿತು. ಅದರ ಬೆಲ್ಟಿಗಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಮೂರು ಶನಿವಾರ ಅಲೆದೆ. ಟೈಮ್ ಬೇಸ್ ಕರೆಕ್ಟರ್ (ಟೇಪಿನಿಂದ ಬರುವ ಚಿತ್ರದ ಅಲುಗಾಟ ಸರಿಪಡಿಸುವ ಪೆಟ್ಟಿಗೆ) ಹಳೇದೇ 55 ಸಾವಿರ ಆಯಿತು. ಅದಿಲ್ಲದೆ ಉಳಿಸಬಹುದು ಅಂತ ಎರಡು ಕಂತು ಮಾಡಿದ್ದೆ. ಚಿತ್ರದಲ್ಲಿದ್ದ ಕಂಬಗಳೆಲ್ಲ ಮೇಲ್ಗಡೆ ಬಾಳೆಎಲೆಯ ಹಾಗೆ ಬಾಗಿದ್ದವು, ಮತ್ತೆ ಮಾಡಬೇಕಾಯಿತು. ದಯವಿಟ್ಟು ಅಲ್ಲಿ ಜಿಪುಣತನ ಮಾಡಬೇಡಿ.

ಇನ್ನೊಂದು ದೊಡ್ಡ ತಪ್ಪು, ಎಐ ಹಾಕಿ 4ಕೆ ಮಾಡಲು ಹೋದದ್ದು. ಮಾತಾಡಿಸಿದ ಮೊದಲ ಓಟಿಟಿಯವರು ಕೇಳಿದರು ಅಂತ ಗ್ರಾಫಿಕ್ಸ್ ಕಾರ್ಡಿಗೆ ಒಂದೂವರೆ ಲಕ್ಷ ಸುರಿದೆ. ಐದನೇ ಕಂತಿನಲ್ಲಿ ಒಬ್ಬ ಅಜ್ಜಿ, ಸತ್ತ ಮಗನ ಧ್ವನಿಯನ್ನು ಒಂದು ಯಂತ್ರದಲ್ಲಿ ಕೇಳುತ್ತಾಳೆ. ಇಡೀ ಕಥೆ ನಿಂತಿರೋದೇ ಆಕೆಯ ಮುಖದ ಮೇಲೆ. ಎಐ ಆ ಮುಖದ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿತು. ಮೂಗುಬೊಟ್ಟು ಒಂದು ಫ್ರೇಮಿನಲ್ಲಿ ಎರಡಾಯಿತು, ಮುಂದಿನ ಫ್ರೇಮಿನಲ್ಲಿ ಮಾಯ. ಹಿಂದಿದ್ದ ಯಂತ್ರ ಥರ್ಮಾಕೋಲಿನದು. ಮೂಲ ಟೇಪಿನ ಮಬ್ಬಿನಲ್ಲಿ ಅದು ಲೋಹವೇ ಅನ್ನಿಸುತ್ತಿತ್ತು. ಚೂಪು ಮಾಡಿದ ಮೇಲೆ ಒಂದೊಂದು ಗುಳ್ಳೆಯೂ ಎದ್ದು ಕಂಡಿತು. ಎರಡು ತಿಂಗಳ ಕೆಲಸ ಅಳಿಸಿ ಹಾಕಿದೆ.

ಇಲ್ಲಿ 'ದಿ ಟ್ವೈಲೈಟ್ ಝೋನ್' ವಿಷಯ ನೆನಪಾಗುತ್ತದೆ. 1959ರಿಂದ 1964ರವರೆಗೆ 156 ಕಂತು ಬಂದ ಅಮೆರಿಕದ ಸರಣಿ. ಹೆಚ್ಚೂಕಡಿಮೆ ಎಲ್ಲವೂ ಫಿಲ್ಮಿನವು. ಆದರೆ ಎರಡನೇ ಸೀಸನ್ನಿನಲ್ಲಿ ಖರ್ಚು ಉಳಿಸಲು 6 ಕಂತುಗಳನ್ನು ವಿಡಿಯೋ ಟೇಪಿನಲ್ಲಿ ತೆಗೆದರು. ಫಿಲ್ಮಿನವನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಇವತ್ತಿಗೂ ಫಳಫಳ ಅನ್ನುತ್ತವೆ. ಆ 6 ಮಾತ್ರ ಟೇಪಿನಲ್ಲಿ ಎಷ್ಟಿತ್ತೋ ಅಷ್ಟೇ. ಅವರಿಗೇ ಹಾಗಾದರೆ ನಾವು ಇಲ್ಲದ್ದನ್ನು ಎಲ್ಲಿಂದ ತರೋದು ಅಲ್ವಾ?

ಕೊನೆಗೆ ಮಾಡಿದ್ದು ಸರಳ. ಚೌಕದ ಚಿತ್ರವನ್ನು ಚೌಕವಾಗಿಯೇ ಬಿಟ್ಟೆ, ಪಕ್ಕದಲ್ಲಿ ಕಪ್ಪು ಪಟ್ಟಿ. ಮೊದಲು ಸೆಕೆಂಡಿಗೆ 25 ಫ್ರೇಮಿಗೆ ಇಳಿಸಿ ಚಲನೆ ಕೆಡಿಸಿದ್ದೆ. ಆಮೇಲೆ ಪ್ರತಿ ಫೀಲ್ಡನ್ನೂ (ಒಂದು ಫ್ರೇಮಿನ ಎರಡು ಅರ್ಧಗಳಲ್ಲಿ ಒಂದೊಂದನ್ನೂ) ಉಳಿಸಿ 50 ಮಾಡಿದೆ. ನಾಯ್ಸ್ (ಚಿತ್ರದ ಮೇಲಿನ ಚುಕ್ಕೆ ಚುಕ್ಕೆ ಕದಲಾಟ) ಅರ್ಧ ಮಾತ್ರ ತೆಗೆದು 1440×1080ಕ್ಕೆ ಹಿಗ್ಗಿಸಿದೆ. ಓಟಿಟಿಯವರು ಎರಡು ಸಲ ವಾಪಸ್ ಕಳಿಸಿದರು, ಮೂರನೇ ಸಲ ಒಪ್ಪಿದರು. ಇವರು ಬೇರೆ, ಚಿಕ್ಕ ಕನ್ನಡ ಆ್ಯಪಿನವರು.

ಜಾಸ್ತಿ ಕಾಡಿದ್ದು ಸಂಗೀತ. ಆ ಕಾಲದಲ್ಲಿ ಹಿನ್ನೆಲೆಗೆ ವಿದೇಶಿ ಕ್ಯಾಸೆಟ್ಟುಗಳಿಂದ ತುಂಡು ತೆಗೆದು ಸೇರಿಸುತ್ತಿದ್ದರು. ಈಗ ಹಾಕಿದರೆ ಅರ್ಧ ಗಂಟೆಯಲ್ಲಿ ಹಕ್ಕಿನ ತಕರಾರು ಬರುತ್ತದೆ. ಪುಣ್ಯಕ್ಕೆ 9 ಟೇಪುಗಳಲ್ಲಿ ಮಾತು ಒಂದು ಟ್ರ್ಯಾಕಿನಲ್ಲಿ, ಸಂಗೀತ ಇನ್ನೊಂದರಲ್ಲಿ ಇತ್ತು. ಆ ಹಳೇ ಎಡಿಟರ್ ಯಾರೋ, ಅವರಿಗೆ ಕೈಮುಗಿಯಬೇಕು. ಉಳಿದ 4ರಲ್ಲಿ ಎರಡೂ ಕಲೆಸಿ ಹೋಗಿತ್ತು. ಬೇರ್ಪಡಿಸುವ ಸಾಫ್ಟ್‌ವೇರ್ ಎಲ್ಲರ ಹತ್ತಿರವೂ ಇದೆ. ಆದರೆ ಅದಕ್ಕೆ ಕೊಡುವ ಮುಂಚೆ ನಾನು ಒಂದು ಕೆಲಸ ಮಾಡುತ್ತೇನೆ, ಅದಕ್ಕೇ ಮಾತು ಡಬ್ಬದೊಳಗಿಂದ ಬಂದ ಹಾಗೆ ಕೇಳಲ್ಲ. ಅದನ್ನು ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ. ಹೊಸ ಸಂಗೀತಕ್ಕೆ ಗಿರಿನಗರದ ಒಂದು ಮನೆಯಲ್ಲಿ ಘಟ, ಒಂದು ಹಳೇ ಕೀಬೋರ್ಡ್ ಇಟ್ಟುಕೊಂಡು ಆರು ದಿನ ಕೂತೆವು. 65 ಸಾವಿರ ಆಯಿತು. ಘಟದ ಬಾಯಿಗೆ ಮೈಕ್ ಇಳಿಸಿ ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಬರುವ ಸದ್ದು ಯಾವ ಆಕಾಶನೌಕೆಗೂ ಸಾಕು. ಬೇಕಾದರೆ ಮಾಡಿ ನೋಡಿ.

ಕಥೆಗಾರರ ಹಕ್ಕಿಗೆ ಲಾಯರ್ ಹಿಡಿದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದ ಮೇಲೆ, ಹಕ್ಕು ಬರೆದುಕೊಟ್ಟ ಕಾಲದಲ್ಲಿ ಇಲ್ಲದ ಮಾಧ್ಯಮ ಹಳೇ ಒಪ್ಪಂದದಲ್ಲಿ ತಾನಾಗಿ ಸೇರಲ್ಲ, ಪತ್ರದಲ್ಲಿ ಹೆಸರಿಸಿರಬೇಕು. ತಿದ್ದುಪಡಿ ಹಳೇ ಪತ್ರಗಳಿಗೂ ಅನ್ವಯಿಸುತ್ತಾ ಅಂತ ವಾದ ಮಾಡುವ ಬದಲು ಎಲ್ಲರ ಹತ್ತಿರ ಹೊಸ ಪತ್ರ ಮಾಡಿಸಿದೆ. 13 ಕಥೆಗೆ 8 ಜನ ಕಥೆಗಾರರು, ಐವರು ಬದುಕಿಲ್ಲ. ಮಕ್ಕಳನ್ನು ಹುಡುಕಿಕೊಂಡು ಧಾರವಾಡ, ಶಿವಮೊಗ್ಗ ಸುತ್ತಿದೆ. ಕಥೆಗೆ 15 ಸಾವಿರ ಮುಂಗಡ, ಆಮೇಲೆ ಬಂದದ್ದರಲ್ಲಿ ಪಾಲು.

ಕಂತುಗಳನ್ನು ಜೋಡಿಸಿ ಒಂದೊಂದು ಗಂಟೆಯದು ಮಾಡಿ ಅಂತ ಆ್ಯಪಿನವರು ಹಟ ಹಿಡಿದಿದ್ದರು. ನಾನು ಮತ್ತೆ ಅದೇ ಅಮೆರಿಕದ ಸರಣಿ ತೋರಿಸಿದೆ. 1963ರಲ್ಲಿ ನಾಲ್ಕನೇ ಸೀಸನ್ನನ್ನು ಒಂದು ಗಂಟೆಗೆ ಎಳೆದರು, ಐದನೆಯದಕ್ಕೆ ವಾಪಸ್ ಅರ್ಧ ಗಂಟೆಗೇ ಬಂದರು. ಒಂದೇ ಯೋಚನೆಯ ಕಥೆಗೆ 23 ನಿಮಿಷ ಧಾರಾಳ. ಎಲ್ಲವನ್ನೂ ಒಂದೇ ದಿನ ಸುರಿಯಲೂ ಬಿಡಲಿಲ್ಲ. ಶನಿವಾರ ರಾತ್ರಿ ಒಂದು, ಮುಂದಿನ ಶನಿವಾರ ಇನ್ನೊಂದು. ಮೂರನೇ ವಾರದವರೆಗೆ ಏನೂ ಇರಲಿಲ್ಲ. ಅಜ್ಜಿಯ ಕಥೆ ಬಂದ ವಾರ ನೋಡಿದವರ ಲೆಕ್ಕ ನಾಲ್ಕು ಪಟ್ಟಾಯಿತು. ಅದನ್ನು ನೋಡಿ ಹಿಂದಿನವಕ್ಕೆ ಹೋದವರೇ ಜಾಸ್ತಿ.

ಒಟ್ಟು ಖರ್ಚು ಸುಮಾರು 8 ಲಕ್ಷ. ಬಂದಿರೋದು ಐದೂವರೆ ಲಕ್ಷದ ಹತ್ತಿರ, ಇನ್ನೂ ತಿಂಗಳಿಗೆ ಇಪ್ಪತ್ತೋ ಇಪ್ಪತ್ತೈದೋ ಸಾವಿರ ಬರುತ್ತಿದೆ. ಮೊದಲನೇ ಪಾಲು ಹಾಕಿದ ದಿನವೇ ರಾಜಾಜಿನಗರಕ್ಕೆ ಹೋಗಿ ಅಮ್ಮನಿಗೆ 8 ರಸೀದಿಗಳನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ಆಮೇಲೆ ಒಳಗೆ ಹೋಗಿ ಒಂದು ಚೀಲ ತಂದು ಕೊಟ್ಟರು. ಪ್ರಸಾರವಾಗದೇ ಉಳಿದ ಎರಡು ಕಂತಿನ ಟೇಪುಗಳು ಅದರಲ್ಲಿವೆ. ಒಂದಕ್ಕೆ ಬೂಸ್ಟು ಹಿಡಿದಿದೆ. ಮೊದಲು ಅದನ್ನು ಒರೆಸಬೇಕು, ಆಮೇಲೆ ಬಿಸಿ.