ವಜಾ ಆದೇಶ ಹೊರಡುವ ಮುನ್ನ ಮಾಲೀಕರ ಪರ ವಕೀಲರು ಮಾಡಬೇಕಾದದ್ದು

ಮಾಲೀಕರು ಸಿಟ್ಟಿನಲ್ಲಿ ಫೋನ್ ಮಾಡಿ ‘ಅವನನ್ನು ಇವತ್ತೇ ತೆಗೆಯಬೇಕು’ ಎಂದಾಗ ನಾನು ಮೊದಲು ತರಿಸುವುದು ಆ ನೌಕರನ ಕಡತವನ್ನು. ಹಿಂದಿನ ಮೌಲ್ಯಮಾಪನಗಳಲ್ಲೆಲ್ಲ ‘ಉತ್ತಮ’ ಎಂದು ಬರೆದು ಈಗ ಅದಕ್ಷನೆಂದು ವಜಾ ಮಾಡಿದರೆ ಆದೇಶ ನಿಲ್ಲುವುದು ಕಷ್ಟ. ಇದೇ ತಪ್ಪಿಗೆ ಇನ್ನೊಬ್ಬರಿಗೆ ಬರೀ ಎಚ್ಚರಿಕೆ ಕೊಟ್ಟಿದ್ದರೆ ಅದೂ ಈಗಲೇ ತಿಳಿಯಬೇಕು.

ಆಮೇಲೆ ಕೇಳಿ: ಇತ್ತೀಚೆಗೆ ಏನಾಯಿತು? ನೌಕರ ಸಂಘ ಸೇರಿದನೇ, ಕಾನೂನು ಉಲ್ಲಂಘನೆಯ ದೂರು ಕೊಟ್ಟನೇ? ಮಹಿಳೆಯಾಗಿದ್ದರೆ, ಗರ್ಭಿಣಿ ಎಂದು ತಿಳಿಸಿದ್ದರೇ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆಯ 5ನೇ ವಿಧಿಯ ಪ್ರಕಾರ ಇವು ಯಾವುವೂ ವಜಾಕ್ಕೆ ಕಾರಣವಾಗಲಾರವು. ನಿಜವಾದ ಕಾರಣ ಇದೇ ಎಂದು ಗೊತ್ತಾದರೆ ಆ ಆದೇಶಕ್ಕೆ ನಾನು ಕೈ ಹಾಕುವುದಿಲ್ಲ, ಮಾಲೀಕರಿಗೆ ನೇರವಾಗಿಯೇ ಹೇಳುತ್ತೇನೆ.

ಆರೋಪಪಟ್ಟಿಗೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ‘ನೀವು ಅಶಿಸ್ತಿನಿಂದ ವರ್ತಿಸಿದ್ದೀರಿ’ ಎಂಬ ಸಾಲಿಗೆ ಯಾರಾದರೂ ಏನೆಂದು ಉತ್ತರಿಸಬೇಕು? ‘ಮಾರ್ಚ್ 4ರ ಬೆಳಿಗ್ಗೆ 10.20ಕ್ಕೆ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕರ ಕೈಯಿಂದ ಹಾಜರಿ ಪುಸ್ತಕ ಕಿತ್ತುಕೊಂಡು ಎರಡು ಹಾಳೆ ಹರಿದಿರಿ’ ಎಂದು ಬರೆಸಿ. ಹರಿದ ಹಾಳೆಗಳ ಪ್ರತಿ, ಕಂಡವರ ಹೇಳಿಕೆ ಜೊತೆಗಿರಲಿ. ‘ಆದ್ದರಿಂದ ನಿಮ್ಮನ್ನು ವಜಾ ಮಾಡಲಾಗುವುದು’ ಎಂಬ ಮಾತು ಅಲ್ಲಿ ನುಸುಳಕೂಡದು. ತೀರ್ಮಾನ ಮೊದಲೇ ಆಗಿತ್ತು ಎಂದು ವಾದಿಸಲು ಎದುರು ಪಕ್ಷಕ್ಕೆ ಅದೊಂದೇ ಸಾಕು.

ಉತ್ತರಿಸಲು ಸಾಕಷ್ಟು ಸಮಯ ಕೊಡಿ. ಅದೇ ಒಡಂಬಡಿಕೆಯ 7ನೇ ವಿಧಿ ಕೇಳುವುದೂ ಆರೋಪಕ್ಕೆ ಸಮಜಾಯಿಷಿ ಹೇಳಿಕೊಳ್ಳುವ ಅವಕಾಶವನ್ನೇ. ಪುಸ್ತಕ ಕಿತ್ತುಕೊಳ್ಳಲಾಯಿತು ಎನ್ನುವ ಮೇಲ್ವಿಚಾರಕರು ವಿಚಾರಣಾಧಿಕಾರಿಯಾಗಬಾರದು, ಅವರು ಸಾಕ್ಷಿ. ಅವರನ್ನು ಪಾಟೀಸವಾಲಿಗೆ ಒಡ್ಡಲು ಮಾಲೀಕರು ಹಿಂಜರಿಯುತ್ತಾರೆ. ಒಪ್ಪಿಸಿ. ಪಾಟೀಸವಾಲಿನಲ್ಲೂ ಕದಲದ ಹೇಳಿಕೆಯೇ ನ್ಯಾಯಾಲಯದಲ್ಲಿ ನಮ್ಮ ಬಲ. ದಿನದಿನದ ನಡಾವಳಿಗೆ ಎರಡೂ ಕಡೆಯವರ ಸಹಿ ಬೇಕು. ನೌಕರ ಒಪ್ಪದಿದ್ದರೆ ಅದನ್ನೂ ಅಲ್ಲೇ ದಾಖಲಿಸಿ.

ವ್ಯವಸ್ಥಾಪಕರ ವಾಟ್ಸ್‌ಆ್ಯಪ್ ಸಂದೇಶಗಳನ್ನು ಓದದೆ ಮುಂದುವರಿಯಬೇಡಿ. ‘ಹೇಗಾದರೂ ಮಾಡಿ ಅವನನ್ನು ಓಡಿಸಿ’ ಎಂಬ ಸಂದೇಶ ಇದ್ದರೆ ಅಳಿಸಲು ಬಿಡಬೇಡಿ. ಹಿಂದಿನ ದಿನಾಂಕ ಹಾಕಿ ಎಚ್ಚರಿಕೆ ಪತ್ರ ಸೃಷ್ಟಿಸಲಂತೂ ಬಿಡಲೇಬೇಡಿ: ಅದು ಸಿಕ್ಕಿಬಿದ್ದರೆ ನಿಜವಾದ ದಾಖಲೆಗಳನ್ನೂ ಯಾರೂ ನಂಬುವುದಿಲ್ಲ.

ಕಡತ ದುರ್ಬಲವಾಗಿದ್ದರೆ ಹಿಂಬಾಕಿ ವೇತನ, ವ್ಯಾಜ್ಯದ ಖರ್ಚು, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕಾದ ಸಾಧ್ಯತೆ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಡಿ. ಕಡಿಮೆ ಶಿಕ್ಷೆಯೋ ರಾಜಿಯೋ ಎಂಬುದನ್ನು ಆದೇಶ ಹೊರಡುವ ಮೊದಲೇ ಅವರಿಂದ ಲಿಖಿತವಾಗಿ ಪಡೆಯಿರಿ.